ಹಿಮ್ಮಡಿಯ ಮಾತು

ನಮ್ಮ ಭಾವನ ದನಿ ಹೋದಮೇಲೆ ಅರ್ಧ ಬೀದಿಯ ಜನ ಅವರೊಂದಿಗೆ ಪಿಸುಗುಟ್ಟತೊಡಗಿದರು. ಕೆಟ್ಟಿದ್ದು ಅವರ ಗಂಟಲು, ಕಿವಿಯಲ್ಲ. ಆದರೂ ಔಷಧಿ ಅಂಗಡಿಯವನು ಮೇಜಿನ ಮೇಲೆ ಬಗ್ಗಿ, ಕದ್ದ ಮಾಲು ಮಾರುವವನ ಹಾಗೆ, "ಊಟಕ್ಕೆ ಮುಂಚೆ ಇದು, ಆಮೇಲೆ ಅದು" ಎಂದು ಉಸುರುತ್ತಿದ್ದ. "ಜೋರಾಗಿ ಹೇಳಪ್ಪಾ, ಅವರಿಗೆ ಚೆನ್ನಾಗೇ ಕೇಳ್ಸುತ್ತೆ!" ಎಂದು ನಾನೊಮ್ಮೆ ಗದರಿದೆ. ಅವನು ಬೆಚ್ಚಿಬಿದ್ದು ಮಾತ್ರೆಯ ಡಬ್ಬಿಯನ್ನೇ ಕೆಳಗೆ ಹಾಕಿದ. ನನಗೆ ಕೋಪ ಮೂಗಿನ ತುದಿಯಲ್ಲೇ. ಅದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳಲು ನನಗೆ ಬರುವುದಿಲ್ಲ.

ಭಾವ ನದಿಯ ಗೈಡು. ಗಾಳಿ ತುಂಬಿದ ರಬ್ಬರಿನ ರಾಫ್ಟಿನಲ್ಲಿ ಜನರನ್ನು ಕೂರಿಸಿಕೊಂಡು, ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ನೀರಿನಲ್ಲಿ ಕ್ಷೇಮವಾಗಿ ಇಳಿಸಿಕೊಂಡು ಹೋಗುವುದು ಅವರ ಕೆಲಸ. ಹುಟ್ಟು ಹಾಕುವವರೆಲ್ಲ ಮುಂದಕ್ಕೆ ಮುಖಮಾಡಿ ಕೂರುತ್ತಾರೆ; ಗೈಡು ಹಿಂದಿನ ತುದಿಯಲ್ಲಿ, ಅವರ ಬೆನ್ನ ಹಿಂದೆ. ಅವನು "ಮುಂದೆ" ಎಂದು ಕೂಗಿದರೆ ಮುಂದಕ್ಕೆ ಹುಟ್ಟು ಹಾಕಬೇಕು, "ಹಿಂದೆ" ಎಂದರೆ ಹಿಂದಕ್ಕೆ, "ನಿಲ್ಲಿ" ಎಂದರೆ ಹುಟ್ಟನ್ನು ನೀರಿನಿಂದ ಎತ್ತಬೇಕು. ತಿರುಗಿ ನೋಡುತ್ತಾ ಕೂರಲು ಅಲ್ಲಿ ಪುರುಸೊತ್ತಿಲ್ಲ. ನದಿಯ ಅಬ್ಬರವನ್ನೂ ಮೀರಿ ಕೇಳಿಸುವ ಗಂಟಲು ಭಾವನದಾಗಿತ್ತು. ಬೀದಿಯ ಆ ತುದಿಯಿಂದ ಅವರು "ಪಟಾಕೀ..." ಎಂದು ನನ್ನನ್ನು ಕರೆದರೆ ಈ ತುದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಮೊದಲಿನ ಎರಡು ಅಕ್ಷರ ಪಟಪಟನೆ, ಕೊನೆಯದು ಮಾತ್ರ ಉದ್ದಕ್ಕೆ ಎಳೆದು. ನಾನು ಎಲ್ಲಿದ್ದರೂ "ಬಂದೇ ಭಾವಾ!" ಎಂದು ಕೂಗಬೇಕು, ಇಲ್ಲದಿದ್ದರೆ ಅವರು ನಿಲ್ಲಿಸುವವರಲ್ಲ.

ಹೋದ ಚಳಿಗಾಲದಲ್ಲಿ ಅವರ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ದನಿಯ ನರ ಆ ಗಂಟಿಗೇ ಅಂಟಿಕೊಂಡಿದೆ, ಗಂಟು ತೆಗೆದರೆ ದನಿ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಜೀವ ಉಳಿಯಿತು, ಮಾತು ಎನ್ನುವುದು ಬರೀ ಗಾಳಿಯಾಯಿತು. ಮುಚ್ಚಿದ ಕೋಣೆಯಲ್ಲಿ ಹತ್ತಿರ ಕೂತರೆ ಕೇಳಿಸುತ್ತಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿದ್ದರೆ ಅದೂ ಇಲ್ಲ.

ಈ ಮನುಷ್ಯನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅಕ್ಕನ ಮದುವೆಯಾದಾಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ನಮಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ನನ್ನನ್ನು ಚಿಕ್ಕಪ್ಪನ ಮನೆಯಲ್ಲಿ ಬಿಡುವುದೆಂದು ಮಾತಾಗಿತ್ತು. "ಈ ಸಿಡುಕಿಗೆ ಯಾರು ಅನ್ನ ಹಾಕ್ತಾರೆ?" ಎಂದು ಚಿಕ್ಕಮ್ಮ ನನ್ನೆದುರಿಗೇ ಕೇಳಿದಳು. ಮದುವೆಯ ಬಟ್ಟೆಯಲ್ಲೇ ಇದ್ದ ಭಾವ ಎದ್ದು ಬಂದು ನನ್ನ ಟ್ರಂಕನ್ನು ಹೆಗಲಿಗೇರಿಸಿದರು. "ಮನೆ ಅಂದ್ಮೇಲೆ ಒಂದು ಪಟಾಕಿ ಇರ್ಬೇಕು. ಇಲ್ಲಾಂದ್ರೆ ಎಲ್ರೂ ನಿದ್ದೆ ಹೋಗ್ಬಿಡ್ತಾರೆ" ಎಂದರು. ಅವರಿಗಿದ್ದದ್ದು ಒಂದೇ ಕೋಣೆ. ಹಳೆಯ ರಾಫ್ಟೊಂದರ ಕಿತ್ತಳೆ ಬಣ್ಣದ ರಬ್ಬರು ಬಟ್ಟೆ ಕತ್ತರಿಸಿ ನಡುವೆ ಪರದೆ ಕಟ್ಟಿ, ಕಿಟಕಿ ಇದ್ದ ಕಡೆಯನ್ನು ನನಗೆ ಕೊಟ್ಟರು. ಹೊಸದಾಗಿ ಮದುವೆಯಾದ ಗಂಡಹೆಂಡಿರು ಕಿಟಕಿಯಿಲ್ಲದ ಕಡೆ ಮಲಗಿದರು. ಆ ಕಿಟಕಿಯ ಬೆಳಕಿನಲ್ಲೇ ನಾನು ಓದಿದ್ದು, ಕೆಲಸ ಕಲಿತದ್ದು, ನನ್ನ ಕಾಲ ಮೇಲೆ ನಿಂತದ್ದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆಯಿದೆಯಲ್ಲ, ಅದನ್ನು ಕಟ್ಟಿದವನು ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳಬೇಕೆಂದಿದ್ದೇನೆ. ನನ್ನನ್ನು ದಾಟಿಸಿದ ಅಂಬಿಗನ ಹಂಗಿನಲ್ಲಿ ಇರುವುದೇ ನನಗೆ ಸುಖ.

ಬಿಸಿಲು ಏರತೊಡಗಿದ ಒಂದು ರಜೆಯ ದಿನ ನಾನು ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಅದು ಮೇಲಿನ ನದಿಯದು. ಬೆಟ್ಟಗಳ ಒಳಗೆ, ರಸ್ತೆ ಮುಗಿದ ಮೇಲೂ ನಡೆದು ಮುಟ್ಟಬೇಕಾದ ನದಿ. ಭಾವ ಪ್ರಾಯದಲ್ಲಿ ಒಮ್ಮೆ ಅದರಲ್ಲಿ ಇಳಿದುಬಂದಿದ್ದರು. ಅಕ್ಕನಿಗೂ ನನಗೂ ಅದನ್ನು ತೋರಿಸುತ್ತೇನೆ ಎಂದು ಮದುವೆಯಾದಂದಿನಿಂದ ಹೇಳುತ್ತಲೇ ಇದ್ದರು. ಒಂದು ವರ್ಷ ನೀರು ಹೆಚ್ಚಾಯಿತು, ಒಂದು ವರ್ಷ ಅಕ್ಕನ ಮೊಣಕಾಲು ನೋವು, ಮತ್ತೊಂದು ವರ್ಷ ನನಗೆ ರಜೆಯಿಲ್ಲ. ಈಗ ನಕ್ಷೆಯ ಮೇಲೆ ಅವರು ಅವರೆಕಾಳನ್ನು ಬಂಡೆಗಳ ಜಾಗದಲ್ಲಿಟ್ಟು, ಕಡಲೆಕಾಯಿ ಸಿಪ್ಪೆಯೊಂದನ್ನು ರಾಫ್ಟು ಮಾಡಿ, ಬೆರಳ ತುದಿಯಲ್ಲಿ ನಡೆಸುತ್ತಿದ್ದರು.

"ಇದು ರುಬ್ಬುಕಲ್ಲು" ಎಂದು ಪಿಸುಗುಟ್ಟಿದರು. "ಇಲ್ಲಿ ಎಡಕ್ಕೆ ಹೋದ್ರೆ ಹಿಟ್ಟಾಗ್ತೀವಿ. ಇದು ಅತ್ತೆಮನೆ."

"ಅತ್ತೆಮನೆ ಯಾಕೆ?"

"ಒಳಗೆ ಹೋಗೋದು ಸುಲಭ. ಹೊರಗೆ ಬರೋದೇ ಕಷ್ಟ."

"ನನ್ನತ್ತೆ ಹಾಗಿರಲಿಲ್ಲ" ಎಂದು ಅಕ್ಕ ಅಡುಗೆಮನೆಯಿಂದಲೇ ಅಂದಳು. "ರೀ, ನಿಮ್ಮ ನದಿ ಮುಗೀತಾ? ಕಾಳು ಬೇಯೋಕೆ ಹಾಕ್ಬೇಕು."

ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಒಂದು ಲವಲವಿಕೆ ಕಂಡು ನನ್ನ ಜೀವ ತಂಪಾಯಿತು. ಎಲ್ಲಿ ರಾಫ್ಟು ಇಳಿಸುವುದು, ಯಾವ ಮರಳ ದಂಡೆಯಲ್ಲಿ ಡೇರೆ ಹಾಕುವುದು, ಹಗ್ಗ, ತೇಪೆಯ ಸಾಮಾನು, ಹೆಚ್ಚಿನ ಹುಟ್ಟು, ಔಷಧಿ, ನೀರು ಸೋರದ ಚೀಲದಲ್ಲಿ ಅಕ್ಕಿ ಬೇಳೆ ಒಣದ್ರಾಕ್ಷಿ, ಎಲ್ಲವನ್ನೂ ಅವರು ಯೋಚಿಸಿಟ್ಟಿದ್ದರು. ಒಮ್ಮೆ ಇಳಿದರೆ ಕಣಿವೆಯ ಕೊನೆಯ ಸೇತುವೆಯ ತನಕ ಹೊರಗೆ ಬರಲು ದಾರಿಯಿಲ್ಲ. ಹಾಗಾಗಿ ಎರಡು ರಾಫ್ಟು ಬೇಕು, ಒಂದಕ್ಕೊಂದು ಆಸರೆ. ಎರಡನೆಯದನ್ನು ಅವರ ಹಳೆಯ ಶಿಷ್ಯ ತನ್ನ ಜನರೊಡನೆ ತರುತ್ತಾನೆ.

"ಮೊದಲನೇದ್ರಲ್ಲಿ ನೀವು, ನಾವು" ಎಂದೆ ನಾನು.

ಭಾವ ಕಡಲೆಕಾಯಿ ಸಿಪ್ಪೆಯನ್ನು ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡಿದರು. "ಅದಕ್ಕೂ ಗೈಡು ಶಿಷ್ಯನೇ. ಅವನ ರಾಫ್ಟನ್ನ ಅವನ ತಮ್ಮ ನೋಡ್ಕೋತಾನೆ. ನಾನು ನಿಮ್ಮನ್ನ ಹತ್ತಿಸಿ, ಸೇತುವೆ ಹತ್ತಿರ ಗಾಡಿ ತಂದು ಕಾಯ್ತೀನಿ."

"ಅಂದ್ರೆ?"

"ಕೂಗೋಕಾಗದ ಗೈಡು ಕಣ್ಣಿಲ್ಲದ ಡ್ರೈವರ್ ಇದ್ದ ಹಾಗೆ, ಪಟಾಕಿ. ನಿಮ್ಮನ್ನ ಬಂಡೆಗೆ ಹೊಡೆಸೋಕೆ ನನಗಿಷ್ಟ ಇಲ್ಲ."

ಪಟಾಕಿ ಎಂದು ತುಟಿಯಲ್ಲಷ್ಟೇ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. "ನಿಮ್ಮನ್ನ ಬಿಟ್ಟು ನಿಮ್ಮ ನದಿಗೆ ಹೋಗೋಕೆ ನಾವೇನು ಕಲ್ಲಾ? ನನಗೆ ಬೇಡ ಈ ಪ್ರವಾಸ!" ಎಂದು ಕೂಗಾಡಿ ಬಾಗಿಲು ಬಡಿದುಕೊಂಡು ಹೊರಟವಳು, ಚಪ್ಪಲಿ ಮರೆತು ಮತ್ತೆ ಒಳಗೆ ಬರಬೇಕಾಯಿತು. ಕೋಪ ಮಾಡುವವರಿಗೆ ಇಂಥ ಅವಮಾನ ಮಾಮೂಲು. ಚಪ್ಪಲಿ ಹುಡುಕಿಕೊಡುತ್ತಾ ಅಕ್ಕ ಮೆಲ್ಲಗೆ ಹೇಳಿದಳು, "ಅವರು ಗೈಡಿನ ಸೀಟು ಬಿಟ್ಟರೆ ಮತ್ತೆ ನದಿಗೇ ಹೋಗಲ್ಲ ಕಣೇ. ನನಗೆ ಗೊತ್ತು."

ಆಮೇಲೆ ನಾವು ಮಾಡದ ಉಪಾಯವಿಲ್ಲ. ಅಕ್ಕ ಬ್ಯಾಟರಿಯ ಸಣ್ಣ ಮೈಕ್ ತಂದಳು. ಬಚ್ಚಲಿನ ನಲ್ಲಿ ತಿರುಗಿಸಿ ಪರೀಕ್ಷಿಸಿದರೆ, ಭಾವನ ಪಿಸುಮಾತು ಅದರೊಳಗಿಂದ ಕೊರಕೊರ ಎಂದು ಬಂತು; ಎರಡು ಹನಿ ನೀರು ಬಿದ್ದದ್ದೇ ಅದೂ ಮೂಕವಾಯಿತು. "ಮನೇಲಿ ಈಗ ಇಬ್ಬರಾದ್ರು" ಎಂದಳು ಅಕ್ಕ. ಸೀಟಿ ಊದಿ ಎಂದೆ ನಾನು. ಭಾವ ಬೇಡವೆಂದು ತಲೆಯಾಡಿಸಿದರು. ಸೀಟಿ ಇರುವುದು ಅಪಾಯಕ್ಕೆ, ಯಾರಾದರೂ ನೀರಿಗೆ ಬಿದ್ದರೆ. ಮಾತುಮಾತಿಗೆ ಊದಿದರೆ ತೋಳ ಬಂತು ತೋಳ ಎಂದಂತೆ ಆದೀತು ಎಂದರು. ಕೈಸನ್ನೆ ಮಾಡೋಣವೆಂದರೆ ನಮ್ಮ ಬೆನ್ನಿಗೆ ಕಣ್ಣಿಲ್ಲ.

ನಾನು ಕೆಲಸ ಮಾಡುವುದು ರಟ್ಟಿನ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಬಿಸ್ಕತ್ತಿನ ಪೆಟ್ಟಿಗೆ, ಚಪ್ಪಲಿಯ ಪೆಟ್ಟಿಗೆ, ಬಲ್ಬಿನ ಪೆಟ್ಟಿಗೆ. ಯಂತ್ರ ಒಂದು ಬಸ್ಸಿನಷ್ಟು ಉದ್ದ. ಒಂದು ತುದಿಯಲ್ಲಿ ಹಾಳೆ ಹಾಕುವವಳು ನಾನು. ಶಾಯಿ ನೋಡಿಕೊಳ್ಳುವ ಹಿರಿಯರು, ನಾವೆಲ್ಲ ಶಾಯಿ ಅಣ್ಣ ಎನ್ನುವವರು, ನಡುವೆ. ಅಚ್ಚಾದ ಹಾಳೆ ಬೀಳುವ ಕಡೆ ನನ್ನ ಗೆಳತಿ. ಯಂತ್ರ ಓಡುವಾಗ ನಮ್ಮ ಕಿವಿಯಲ್ಲಿ ಬಿರಡೆ, ನಮ್ಮ ನಮ್ಮ ಕಣ್ಣು ನಮ್ಮ ನಮ್ಮ ಕೆಲಸದ ಮೇಲೆ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ.

ಜಗಳವಾಡಿ ಬಂದ ವಾರದಲ್ಲೇ ಒಂದು ಬೆಳಿಗ್ಗೆ, ಭಾವನ ಚಿಂತೆಯಲ್ಲೇ ಹಾಳೆ ಜೋಡಿಸುತ್ತಿದ್ದೆ. ಅಂಗಾಲಿಗೆ ದಢ್ ಎಂದು ಒಂದು ಪೆಟ್ಟು ಬಂತು. ನನ್ನ ಎರಡೂ ಕೈ ಯಂತ್ರದಿಂದ ಮೇಲೆದ್ದವು. ಆ ತುದಿಯಲ್ಲಿ ಹಾಳೆ ಸಿಕ್ಕಿಕೊಂಡಿತ್ತು, ಶಾಯಿ ಅಣ್ಣ ತುಳಿದಿದ್ದರು. ನಾವು ಮೂವರೂ ನಿಲ್ಲುವುದು ಯಂತ್ರದ ಉದ್ದಕ್ಕೂ ಹಾಸಿದ ಮರದ ಹಲಗೆಯ ಮೇಲೆ. ಏನೇ ಹೇಳುವುದಿದ್ದರೂ ಹಿಮ್ಮಡಿಯಿಂದ ಹಲಗೆ ತುಳಿಯುತ್ತೇವೆ. ಇಷ್ಟು ವರ್ಷ ಮಾಡಿದ್ದನ್ನು ನಾನು ಒಂದು ಭಾಷೆಯೆಂದು ಎಣಿಸಿರಲೇ ಇಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ ಎಂದು ಅಲ್ಲೇ ನಿಂತು ನಕ್ಕೆ. ಗೆಳತಿ ನನಗೆ ಹುಚ್ಚು ಹಿಡಿಯಿತೆಂದುಕೊಂಡಳು.

ಮರುದಿನ ಮಾಲೀಕರನ್ನು ಕೇಳಿ ಭಾವನನ್ನು ಪ್ರೆಸ್ಸಿಗೆ ಕರೆದುಕೊಂಡು ಬಂದೆ. ಯಂತ್ರ ಓಡತೊಡಗಿತು. ಹಲಗೆಯ ಮೇಲೆ ಅವರನ್ನು ನಿಲ್ಲಿಸಿ, ಆ ತುದಿಯಿಂದ ಗೆಳತಿ ತುಳಿದಳು. ಭಾವ ಮೊದಲು ಬೆಚ್ಚಿದರು, ಆಮೇಲೆ ಬಗ್ಗಿ ಹಲಗೆಯ ಮೇಲೆ ಅಂಗೈ ಇಟ್ಟರು. ಸುತ್ತ ನೋಡಿದರು. ಆ ಸದ್ದಿನಲ್ಲಿ ನಮಗೆ ಯಾರಿಗೂ ದನಿಯಿರಲಿಲ್ಲ. ಎಲ್ಲರೂ ಅವರ ಹಾಗೆಯೇ ಇದ್ದೆವು, ಕೆಲಸ ಮಾತ್ರ ಸಲೀಸಾಗಿ ನಡೆದಿತ್ತು. ಯಂತ್ರ ನಿಂತ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಂದರು. "ರಾಫ್ಟಿನ ನೆಲಕ್ಕೂ ಗಾಳಿ ತುಂಬಿರ್ತಾರೆ" ಎಂದರು. "ಬಿಗಿಯಾಗಿರುತ್ತೆ. ತಮಟೆ ಥರ."

"ಎರಡು ಕೈಯಲ್ಲೂ ಹುಟ್ಟು ಹಿಡ್ಕೊಂಡೇ ತುಳೀಬಹುದು, ಅಲ್ವಾ ಭಾವ?"

ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ" ಎಂದರು. ಆದರೆ ರಾಫ್ಟಿಗೆ ಇನ್ನಿಬ್ಬರು ಬೇಕಲ್ಲ ಎಂದು ತಾವೇ ಶಾಯಿ ಅಣ್ಣನ ಕಡೆಗೂ ಗೆಳತಿಯ ಕಡೆಗೂ ತಿರುಗಿದರು.

"ನನಗೆ ಈಜು ಬರುತ್ತೆ. ಹೆಂಡತಿ ಒಪ್ಪಿಗೆ ಮಾತ್ರ ಬರಬೇಕು" ಎಂದರು ಶಾಯಿ ಅಣ್ಣ. ಅದೂ ಬಂತು.

ಊರಾಚೆಯ ಕೆರೆಯಲ್ಲಿ ಅಭ್ಯಾಸ. ಭಾವ ಹಿಂದೆ, ನಾನೂ ಅಕ್ಕನೂ ಮುಂದೆ, ಉಳಿದಿಬ್ಬರು ನಡುವೆ. ಒಂದು ತುಳಿತವೆಂದರೆ ಮುಂದೆ, ಎರಡು ಹಿಂದೆ, ಮೂರು ನಿಲ್ಲುವುದು. ತಿರುಗಿಸುವುದನ್ನು ತಮ್ಮ ಹುಟ್ಟಿನಿಂದ ತಾವೇ ನೋಡಿಕೊಳ್ಳುವುದಾಗಿ ಭಾವ ದಡದಲ್ಲೇ ಹೇಳಿದ್ದರು. ನೀರಿನ ನಡುವೆ ಹೋದೆವು. ದಢ್ ಎಂದು ಒಂದು ತುಳಿತ. ಅಕ್ಕ ಒಬ್ಬಳೇ ಮುಂದಕ್ಕೆ ಹುಟ್ಟು ಹಾಕಿದಳು. ಪ್ರೆಸ್ಸಿನ ನಾವು ಮೂವರೂ ಹುಟ್ಟು ಕೈಬಿಟ್ಟು, ಪೊಲೀಸರಿಗೆ ಸಿಕ್ಕ ಕಳ್ಳರ ಹಾಗೆ ಎರಡೂ ಕೈ ಮೇಲೆತ್ತಿ ಕೂತಿದ್ದೆವು. ನಮ್ಮಲ್ಲಿ ಒಂದು ತುಳಿತವೆಂದರೆ ಯಂತ್ರದಿಂದ ಕೈ ತೆಗೆ ಎಂದರ್ಥ. ಯಾರದೋ ಬೆರಳು ಸಿಕ್ಕಿಕೊಳ್ಳುವ ಹೊತ್ತಿನಲ್ಲಿ ಎರಡನೇ ಸಲ ತುಳಿಯಲು ಸಮಯವೆಲ್ಲಿರುತ್ತದೆ? ರಾಫ್ಟು ಗಿರ್ರನೆ ಸುತ್ತಿತು. ನಮ್ಮ ಹುಟ್ಟುಗಳು ಬಾತುಕೋಳಿಗಳಂತೆ ಸಾಲಾಗಿ ತೇಲಿಹೋದವು.

"ಅಯ್ಯೋ ನಿಮ್ಮ!" ಎಂದು ಅಕ್ಕ ಕೂಗಿದಳು. "ಒಬ್ಬಳೇ ಎಷ್ಟು ಅಂತ ಹಾಕ್ಲಿ?"

ತಿರುಗಿ ನೋಡಿದರೆ ಭಾವನ ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು. ಸದ್ದಿಲ್ಲದೆ, ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ತನಕ. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಕೈಯಲ್ಲೇ ನೀರು ತಳ್ಳಿಕೊಂಡು ಹೋಗಿ ಹುಟ್ಟುಗಳನ್ನು ಹಿಡಿದ ಮೇಲೆ ಅವರು ನಮ್ಮನ್ನೆಲ್ಲ ಹತ್ತಿರ ಕೂರಿಸಿಕೊಂಡರು.

"ತಪ್ಪು ನಿಮ್ಮದಲ್ಲ. ನಾನೇ ತಿರುಗಾಮುರುಗಾ ಇಟ್ಟಿದ್ದೆ" ಎಂದು ಪಿಸುಗುಟ್ಟಿದರು. "ನಾನು ನಿಲ್ಲಿ ಅಂತ ಕೂಗಿದ್ರೆ ಜನ ಯೋಚನೆ ಮಾಡ್ತಾರೆ. ಯಾಕೆ ಅಂತ ತಿರುಗಿ ನೋಡ್ತಾರೆ. ನೀವು ಯೋಚನೆ ಮಾಡ್ಲಿಲ್ಲ. ಇಂಥ ಜನ ನನ್ನ ರಾಫ್ಟಲ್ಲಿ ಯಾವತ್ತೂ ಕೂತಿರಲಿಲ್ಲ. ಇನ್ಮೇಲೆ ಒಂದು ಅಂದ್ರೆ ನಿಲ್ಲೋದು. ಎರಡು ಮುಂದೆ, ಮೂರು ಹಿಂದೆ. ಆದ್ರೆ ಹುಟ್ಟು ಮಾತ್ರ ಕೈ ಬಿಡಬೇಡ್ರಪ್ಪ."

ಬಾಯಲ್ಲಿ ಹೇಳಲಿಲ್ಲವಾದರೂ ಅಂದಿನಿಂದ ನಕ್ಷೆಯ ಮೇಲಿನ ಕಡಲೆಕಾಯಿ ಸಿಪ್ಪೆಯ ಹಿಂದಿನ ತುದಿಯಲ್ಲಿ ಒಂದು ಮೆಣಸಿನ ಕಾಳು ಕೂತಿತು. ಅದು ಭಾವ. ಅಕ್ಕ ಅದನ್ನು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಾಳು ಬೇಯಿಸಲು ಬೇರೆ ಡಬ್ಬಿ ತೆಗೆದಳು. ನಾವು ವಾರವಾರವೂ ಕೆರೆಗೆ ಹೋದೆವು. ಅಕ್ಕನ ಅಂಗಾಲೂ ಕಲಿಯಿತು.

ನೀರು ಇಳಿಯುವ ಕಾಲಕ್ಕೆ ಹೊರಟೆವು. ರಸ್ತೆ ಮುಗಿದಲ್ಲಿ ಗಾಡಿ ನಿಲ್ಲಿಸಿ, ಸಾಮಾನು ಹೊತ್ತು, ಕಾಡಿನ ಕಾಲುದಾರಿಯಲ್ಲಿ ಇಳಿದು ಮೇಲಿನ ನದಿ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ನಕ್ಷೆಯಲ್ಲಿ ಅದು ನೀಲಿ ಗೆರೆ. ಇಲ್ಲಿ ಅದು ಬಂಡೆಗಳನ್ನು ಬೈಯುತ್ತಾ ಹೋಗುವ ನೀರು. ಕೂಗದಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ರಾಫ್ಟುಗಳಿಗೆ ಗಾಳಿ ತುಂಬಿದ್ದಾಯಿತು, ಚೀಲಗಳನ್ನು ಬಿಗಿದದ್ದಾಯಿತು. ಭಾವ ಒಂದು ಬಂಡೆಯ ಮೇಲೆ ಹತ್ತಿ ಕೆಳಗಿನ ಮೊದಲ ಇಳಿಜಾರನ್ನು, ರುಬ್ಬುಕಲ್ಲನ್ನು, ಬಹಳ ಹೊತ್ತು ನೋಡಿದರು. ಇಳಿದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ನೇರವಾಗಿ ಶಿಷ್ಯನ ಬಳಿಗೆ ಹೋಗಿ ಗೈಡಿನ ಉದ್ದನೆಯ ಹುಟ್ಟನ್ನು ಅವನ ಮುಂದೆ ಚಾಚಿದರು.

ಶಿಷ್ಯ ಹುಟ್ಟನ್ನು ಮುಟ್ಟಲಿಲ್ಲ. "ಗುರುಗಳೇ, ನೀವು ಹೇಳಿದ್ರೆ ಕೂರ್ತೀನಿ. ಆದ್ರೆ ಕಾಲಲ್ಲಿ ಮಾತಾಡೋಕೆ ನನಗೆ ಬರಲ್ಲ" ಎಂದು ಅವರ ಕಿವಿಗೆ ಕೂಗಿ ಹೇಳಿ ನಮ್ಮ ಕಡೆ ನೋಡಿದ.

ಎಲ್ಲರೂ ನಾನು ಸಿಡಿಯುತ್ತೇನೆಂದು ಕಾದರು. ನನಗೂ ಹಾಗೆಯೇ ಅನಿಸಿತ್ತು. ಆದರೆ ಭಾವ ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡುವುದನ್ನು ಕಂಡೆ. ಅವರು ಹೆದರಿದ್ದು ತಮಗಾಗಿ ಅಲ್ಲ, ನಮಗಾಗಿ. ನಾನು ಹತ್ತಿರ ಹೋಗಿ, ಅವರ ಹೆಲ್ಮೆಟ್ಟಿಗೆ ನನ್ನ ಹೆಲ್ಮೆಟ್ಟು ತಾಗಿಸಿ ಹೇಳಿದೆ.

"ಭಾವ, ಅವತ್ತು ಕಿಟಕಿ ಕಡೆ ನನ್ನ ಮಲಗಿಸಿದ್ರಿ. ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ಈಗ ಹೇಳ್ತೀನಿ. ನನಗೆ ಬದುಕು ಅಂತ ಒಂದು ಇದ್ರೆ ಅದು ನೀವು ಕೊಟ್ಟಿದ್ದು. ಈ ನದೀಲಿ ನಿಮ್ಮನ್ನ ನಂಬೋಕೆ ನನಗೆ ನಿಮ್ಮ ದನಿ ಬೇಡ."

ಅಷ್ಟು ಹೇಳಿ ರಾಫ್ಟಿನ ಮುಂದಿನ ಜಾಗದಲ್ಲಿ, ಅವರಿಗೆ ಬೆನ್ನು ಮಾಡಿ ಕೂತೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಶಾಯಿ ಅಣ್ಣ, ಗೆಳತಿ ಹಿಂದೆ ಕೂತರು. ಯಾರೂ ತಿರುಗಲಿಲ್ಲ. ನೀರು ಅಬ್ಬರಿಸುತ್ತಿತ್ತು. ಹಿಂದೆ ಯಾರು ಹತ್ತುತ್ತಾರೆ, ಗುರುವೋ ಶಿಷ್ಯನೋ, ನೋಡಲು ಕತ್ತು ತಾನಾಗಿ ತಿರುಗುತ್ತಿತ್ತು. ಹಲ್ಲು ಕಚ್ಚಿ ತಡೆದೆ. ರಾಫ್ಟಿನ ಹಿಂಭಾಗ ಭಾರಕ್ಕೆ ಒಮ್ಮೆ ಕುಗ್ಗಿತು. ಯಾರೋ ದಡದಿಂದ ನೂಕಿದರು. ನಾನು ಕಣ್ಣು ಮುಚ್ಚಿ ಅಂಗಾಲಿನಲ್ಲೇ ಕಾದೆ.

ದಢ್, ದಢ್.

ಅಕ್ಕ ನನ್ನ ಮೊಣಕೈಯನ್ನು ಒತ್ತಿದಳು. ಹುಟ್ಟು ಹಾಕಿದೆವು. ಆಮೇಲೆ ಯೋಚಿಸಲು ಸಮಯವಿರಲಿಲ್ಲ. ರುಬ್ಬುಕಲ್ಲಿನ ಬಾಯಿ ಎದುರಿಗೇ ಬಂತು, ಎರಡು ತುಳಿತ, ಮತ್ತೆ ಎರಡು, ಗೋಡೆಯಂಥ ನೀರು ಮುಖಕ್ಕೆ ಹೊಡೆಯಿತು, ರಾಫ್ಟಿನ ಮೂಗು ಎಡಕ್ಕೆ ಜಾರತೊಡಗಿತು, ಮೂರು ತುಳಿತ, ಹಿಂದಕ್ಕೆ ಹಾಕಿದೆವು, ತೋಳು ಕಿತ್ತು ಬರುವ ಹಾಗಾಯಿತು. ಆಗ ದಢ್ ಎಂದು ಒಂದೇ ಒಂದು. ನಾಲ್ಕು ಹುಟ್ಟುಗಳೂ ಒಟ್ಟಿಗೆ ಮೇಲೆದ್ದವು. ನನ್ನ ಹುಟ್ಟು ಹೋಗಬೇಕಾಗಿದ್ದ ಜಾಗದಲ್ಲಿ ಕಪ್ಪು ಬಂಡೆಯೊಂದು ಸರ್ರನೆ ಹಾದುಹೋಯಿತು. ಭಾವ ಹಿಂದಿನಿಂದ ರಾಫ್ಟನ್ನು ತಿರುಗಿಸಿದರು, ಒಂದು ಜಾರುವಿಕೆ, ಅಷ್ಟೇ. ಕೆಳಗಿನ ಮಡುವಿನಲ್ಲಿ ನೀರು ಏನೂ ಆಗಿಯೇ ಇಲ್ಲವೆಂಬಂತೆ ಹಸಿರಾಗಿ ನಿಂತಿತ್ತು. ಶಾಯಿ ಅಣ್ಣ ದೇವರನ್ನೂ ಹೆಂಡತಿಯನ್ನೂ ಒಟ್ಟಿಗೆ ನೆನೆದರು.

ನಾನಿನ್ನೂ ತಿರುಗಿರಲಿಲ್ಲ. ಮುಖದ ಮೇಲಿದ್ದದ್ದು ನದಿಯ ನೀರೋ ನನ್ನದೋ, ಯಾರಿಗೂ ತೋರಿಸುವ ಮನಸ್ಸಿರಲಿಲ್ಲ.

ಆಗ ಅಂಗಾಲಿಗೆ ಮತ್ತೆ ಬಂತು. ಪಟಪಟನೆ ಎರಡು ತುಳಿತ. ಅದರ ಬೆನ್ನಿಗೇ ರಬ್ಬರಿನ ಮೇಲೆ ಹಿಮ್ಮಡಿಯನ್ನು ಉದ್ದಕ್ಕೆ, ನಿಧಾನವಾಗಿ ಎಳೆದದ್ದು, ಪಾದಕ್ಕೆಲ್ಲ ಕಚಗುಳಿಯಿಡುವ ಹಾಗೆ.

ಎರಡು ತುಳಿತವೆಂದು ಅಕ್ಕ, ಶಾಯಿ ಅಣ್ಣ, ಗೆಳತಿ ಮೂವರೂ ವಿಧೇಯರಾಗಿ ಮುಂದಕ್ಕೆ ಹುಟ್ಟು ಹಾಕಿದರು. ನಾನು ಹಾಕಲಿಲ್ಲ. ಅದು ಅಪ್ಪಣೆಯಾಗಿರಲಿಲ್ಲ. ಎಷ್ಟೋ ತಿಂಗಳಿಂದ ಯಾರೂ ಬೀದಿ ತುಂಬ ಕೂಗದಿದ್ದ ನನ್ನ ಹೆಸರು ಅದು.

"ಬಂದೇ ಭಾವಾ!" ಎಂದು ಇಡೀ ಕಣಿವೆಗೆ ಕೇಳಿಸುವ ಹಾಗೆ ಕೂಗಿದೆ.